60 ರೂಪಾಯಿ ಬಾಕ್ಸಿನೊಳಗೆ 850 ಲೀಟರ್ ನೀರು

ಹೋದ ಸಂಚಿಕೆಯಲ್ಲಿ ಬೋರ್‌ವೆಲ್ ಮರುಪೂರಣದ ಬಗ್ಗೆ ಬರೆಯುತ್ತಾ "ನಮ್ಮೂರ ನೀರು ಲಾರಿ ಹತ್ತಿ ಹೋಗುತ್ತದೆ" ಅಂತ ಒಂದು ಮಾತು ಹಾಕಿದ್ದೆ. ಟ್ಯಾಂಕರ್ ಬಗ್ಗೆ ಹೇಳಿದ್ದಲ್ಲ, ಟೊಮೇಟೊ ಬಗ್ಗೆ: ಅದನ್ನು ಬೆಳೆಯಲು ಹಾಕಿದ ನೀರೂ ಹಣ್ಣಿನ ಜೊತೆಗೇ ಊರು ಬಿಟ್ಟ ಹಾಗೆ. ಆ ಒಂದು ಸಾಲಿಗೇ ಇಷ್ಟು ಪತ್ರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕೆ ಇಟ್ಟಿದ್ದೇನೆ. ತೆಂಗಿನ ನುಸಿ ಪೀಡೆ ಬಗ್ಗೆ ಕೇಳಿದವರು ದಯವಿಟ್ಟು ಒಂದು ತಿಂಗಳು ಕಾಯಿರಿ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಕೃಷಿ ಇಲಾಖೆಯಲ್ಲಿ 31 ವರ್ಷ ದುಡಿದು ನಿವೃತ್ತಳಾದವಳು. ತವರು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ತಮ್ಮ ಅಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ.

ಒಂದು ಕಪ್ ಕಾಫಿಗೆ 140 ಲೀಟರ್ ನೀರು ಖರ್ಚಾಗುತ್ತದೆ ಅಂತ ವಾಟ್ಸ್ಯಾಪ್‌ನಲ್ಲಿ ಬಂತು. ನಮ್ಮ ಮನೆಯಲ್ಲಿ ದಿನಕ್ಕೆ ಎಂಟು ಲೋಟ ಆಗುತ್ತದೆ. ಇದು ನಿಜವಾ? ನಿಜವಾದರೆ ಕಾಫಿ ಬಿಡಬೇಕಾ?
– ಗೃಹಿಣಿ, ಮೈಸೂರು

ಬಿಡಬೇಡಿ. ಲೆಕ್ಕ ಸುಳ್ಳಲ್ಲ. ಆದರೆ ಅದನ್ನು ನಿಮಗೆ ಅರ್ಧ ಮಾತ್ರ ಹೇಳಿದ್ದಾರೆ.

ಒಂದು ಕಪ್‌ಗೆ ಸುಮಾರು 7 ಗ್ರಾಂ ಹುರಿದ ಪುಡಿ ಬೇಕು. ಅಷ್ಟು ಪುಡಿಗೆ ಬೇಕಾದ ಕಾಯಿ ಬೆಳೆಯಲು ಗಿಡ ಕುಡಿದ ನೀರನ್ನೆಲ್ಲ ಕೂಡಿಸಿದರೆ ಜಗತ್ತಿನ ಸರಾಸರಿ 130–140 ಲೀಟರ್ ಬರುತ್ತದೆ. ಲೋಟದಲ್ಲಿ ಆ ನೀರು ಕಾಣುವುದಿಲ್ಲ. ಅದಕ್ಕೇ ಇದಕ್ಕೆ ವರ್ಚುವಲ್ ವಾಟರ್ ಅಂತ ಹೆಸರು. ನಾನು ಕಾಣದ ನೀರು ಅನ್ನುತ್ತೇನೆ. ಹೆಸರಿಟ್ಟವರು ಲಂಡನ್ನಿನ ಪ್ರಾಧ್ಯಾಪಕ ಟೋನಿ ಅಲನ್, 1990ರ ದಶಕದ ಮೊದಲಲ್ಲಿ. ಪಶ್ಚಿಮ ಏಷ್ಯಾದ ದೇಶಗಳಲ್ಲಿ ನೀರೇ ಇಲ್ಲ, ಆದರೂ ಅವು ನೀರಿಗಾಗಿ ಯಾಕೆ ಯುದ್ಧ ಮಾಡುತ್ತಿಲ್ಲ ಎಂಬುದು ಅವರ ಪ್ರಶ್ನೆ. ಸಿಕ್ಕ ಉತ್ತರ ಸರಳ: ಆ ದೇಶಗಳು ಗೋಧಿ ತರಿಸಿಕೊಳ್ಳುತ್ತವೆ, ಗೋಧಿಯ ಜೊತೆ ನೀರೂ ಬರುತ್ತದೆ. 2008ರಲ್ಲಿ ಅವರಿಗೆ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂತು.

ಈಗ ಉಳಿದ ಅರ್ಧ. ನಿಮ್ಮ ಕಾಫಿ ಬಹುಪಾಲು ಕೊಡಗು, ಚಿಕ್ಕಮಗಳೂರು, ಹಾಸನದ ಕಡೆಯದು. ಅಲ್ಲಿ ಗಿಡ ಕುಡಿಯುವುದು ಹೆಚ್ಚಾಗಿ ಮಳೆ ನೀರನ್ನು. ಆ ಮಳೆ ಕಾಫಿ ಗಿಡ ಇದ್ದರೂ ಬೀಳುತ್ತದೆ, ಇಲ್ಲದಿದ್ದರೂ ಬೀಳುತ್ತದೆ. ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾ ತೋಟದವರು ಫೆಬ್ರುವರಿ–ಮಾರ್ಚ್‌ನಲ್ಲಿ ಹಳ್ಳಕ್ಕೆ ಮೋಟಾರು ಇಟ್ಟು ಸ್ಪ್ರಿಂಕ್ಲರ್ ಓಡಿಸುತ್ತಾರೆ. ಕೆಳಗಿನ ಊರಿನವರ ನೀರಿಗೆ ಬಿಸಿ ತಟ್ಟುವುದು ಆ ಕೆಲವು ದಿನ. 140ರಲ್ಲಿ ನಾವು ಕೇಳಬೇಕಾದ್ದು ಆ ಪಾಲನ್ನು. ಪೂರ್ತಿ 140 ಹಿಡಿದುಕೊಂಡು ಲೋಟ ಕೆಳಗಿಡುವುದು ಬೇಡ. ಚಿಕೋರಿ ಬೆರೆಸಿದರೆ ಲೆಕ್ಕ ಕಡಿಮೆಯಾಗುತ್ತಾ ಅಂತ ಮಾತ್ರ ಕೇಳಬೇಡಿ, ನಾನು ಚಿಕೋರಿ ಕುಡಿಯುವವಳಲ್ಲ.

ಸಿರಿಧಾನ್ಯ ತಿನ್ನಿ, ನೀರು ಉಳಿಸಿ ಅನ್ನುತ್ತೀರಿ. ಆದರೆ ಒಂದು ಕಿಲೋ ಸಿರಿಧಾನ್ಯಕ್ಕೆ ಅಕ್ಕಿಗಿಂತ ಜಾಸ್ತಿ ನೀರು ಅಂತ ಒಂದು ಪಟ್ಟಿ ನೋಡಿದೆ. ಯಾರನ್ನು ನಂಬಬೇಕು?
– ನಿವೃತ್ತ ಬ್ಯಾಂಕ್ ನೌಕರ, ತುಮಕೂರು

ಪಟ್ಟಿಯನ್ನೂ ನಂಬಿ, ರಾಗಿಯನ್ನೂ ನಂಬಿ. ಬ್ಯಾಂಕಿನಲ್ಲಿದ್ದವರು ಅಲ್ವಾ, ನಿಮಗೆ ಬೇಗ ತಿಳಿಯುತ್ತದೆ. ಉಳಿತಾಯ ಖಾತೆಯಿಂದ ತೆಗೆದ ನೂರು ರೂಪಾಯಿಯೂ ಸಾಲ ತಂದ ನೂರು ರೂಪಾಯಿಯೂ ಒಂದೇನಾ?

ನೆದರ್‌ಲ್ಯಾಂಡ್ಸಿನ ಆರ್ಯೆನ್ ಹೂಕ್ಸ್ಟ್ರಾ 2002ರಲ್ಲಿ ನೀರಿನ ಹೆಜ್ಜೆಗುರುತು ಎಂಬ ಲೆಕ್ಕ ಶುರು ಮಾಡಿದರು. ನೀವು ನೋಡಿದ ಪಟ್ಟಿ ಬಹುಶಃ ಅವರ ತಂಡದ್ದೇ. ಅದರ ಪ್ರಕಾರ ಒಂದು ಕಿಲೋ ಅಕ್ಕಿಗೆ ಜಗತ್ತಿನ ಸರಾಸರಿ ಸುಮಾರು 2,500 ಲೀಟರ್. ಒಂದು ಕಿಲೋ ಸಿರಿಧಾನ್ಯಕ್ಕೆ ಸುಮಾರು 4,500. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಪಕ್ಕದ ಕಲಂ ನೋಡಿ. ಆ 4,500ರಲ್ಲಿ 4,300 ಲೀಟರ್ ಬರೀ ಮಳೆ. ಕೆರೆ, ಕಾಲುವೆ, ಬಾವಿಯಿಂದ ಬಂದದ್ದು 60 ಲೀಟರ್ ಕೂಡ ಇಲ್ಲ. ಒಟ್ಟು ಯಾಕೆ ಅಷ್ಟು ಜಾಸ್ತಿ ಅಂದರೆ ಎಕರೆಗೆ ಇಳುವರಿ ಕಡಿಮೆ, ಅಷ್ಟೇ. ಅದೇ ಮಳೆಯನ್ನು ಕಡಿಮೆ ಕಾಳಿಗೆ ಭಾಗಿಸಿದಾಗ ಸಂಖ್ಯೆ ಉಬ್ಬುತ್ತದೆ.

ಮುಂಗಾರಿನಲ್ಲಿ ರಾಗಿ ಬಿತ್ತಿದವನು ಮೋಟಾರು ಸ್ಟಾರ್ಟರ್ ಮುಟ್ಟುವುದೇ ಇಲ್ಲ. ಹೊಲದಲ್ಲಿ ಬಿದ್ದ ಮಳೆ ಹೊಲದಲ್ಲೇ ಕಾಳಾಗುತ್ತದೆ. ಅದು ಉಳಿತಾಯದ ನೂರು ರೂಪಾಯಿ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದ್ದು. 2025–26ಕ್ಕೆ ಕ್ವಿಂಟಲ್ ರಾಗಿಗೆ 4,886 ರೂಪಾಯಿ ಬೆಂಬಲ ಬೆಲೆ ಇಟ್ಟಿದ್ದರು, ಭತ್ತದ ಎರಡು ಪಟ್ಟು. ಇಷ್ಟಿದ್ದೂ ಬೋರ್‌ವೆಲ್‌ನಲ್ಲಿ ನೀರು ಬಂದ ಮರುದಿನವೇ ರಾಗಿ ಹೊಲ ಟೊಮೇಟೊ ಆಗುತ್ತದೆ. ಯಾಕೆ ಅಂತ ಮುಂದಿನ ಪತ್ರದಲ್ಲಿ ಇದೆ.

ನಾನು ಎರಡು ಎಕರೆಯಲ್ಲಿ ಟೊಮೇಟೊ ಹಾಕುತ್ತೇನೆ. ನಿಮ್ಮ ಅಂಕಣ ಓದಿದ ಮೇಲೆ ಊರಿನ ನೀರನ್ನು ನಾನೇ ಮಾರಿಬಿಟ್ಟೆ ಅನ್ನುವ ಹಾಗೆ ಆಗಿದೆ. ತಪ್ಪು ನಮ್ಮದಾ ಮೇಡಂ? ನಮ್ಮ ಬೆಳೆಗೆ ನಿಜವಾಗಿ ಎಷ್ಟು ನೀರು ಹೋಗುತ್ತದೆ?
– ಯುವ ರೈತ, ಚಿಂತಾಮಣಿ ತಾಲ್ಲೂಕು

ಮೊದಲು ಎರಡನೇ ಪ್ರಶ್ನೆ. ಪುಸ್ತಕದ ಸರಾಸರಿ ಬಿಡಿ, ಒಂದು ಕಿಲೋ ಟೊಮೇಟೊಗೆ 214 ಲೀಟರ್ ಅಂತ ಅದರಲ್ಲಿದೆ. ನಾನು ತಮ್ಮನ ಹೊಲದಲ್ಲಿ ನಿಂತು ಅಳೆದದ್ದನ್ನು ಹೇಳುತ್ತೇನೆ.

ಬೇಸಿಗೆ ಬೆಳೆ, ಒಂದು ಎಕರೆ, ಡ್ರಿಪ್ ಮತ್ತು ತೇವ ಆರದಂತೆ ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟು. ಬೋರ್‌ವೆಲ್ ಪೈಪಿನ ಬಾಯಿಗೆ 20 ಲೀಟರ್ ಕ್ಯಾನ್ ಹಿಡಿದೆ, ಕೈಗಡಿಯಾರ ನೋಡಿಕೊಂಡು. ತುಂಬಲು 18 ಸೆಕೆಂಡ್. ಮೂರು ಸಲ ಹಿಡಿದೆ, ಮೂರು ಸಲವೂ ಹತ್ತಿರ ಹತ್ತಿರ ಅಷ್ಟೇ. ಅಂದರೆ ಗಂಟೆಗೆ 4,000 ಲೀಟರ್. ದಿನಕ್ಕೆ ಮೂರು ಗಂಟೆ ಬಿಡುತ್ತಾನೆ. 100 ದಿನಕ್ಕೆ 12 ಲಕ್ಷ ಲೀಟರ್ ಆಯಿತು. ಬಂದ ಇಳುವರಿ 15 ಕಿಲೋದ 1,400 ಬಾಕ್ಸ್. ಭಾಗಿಸಿ ನೋಡಿ: ಕಿಲೋಗೆ 57 ಲೀಟರ್, ಬಾಕ್ಸಿಗೆ 850 ಲೀಟರ್ ಚಿಲ್ಲರೆ.

ಪುಸ್ತಕದ 214ರಲ್ಲಿ ಮಳೆ ನೀರೂ ಸೇರಿದೆ. ಅದರಲ್ಲಿ ಕೆರೆ, ಕಾಲುವೆ, ಬಾವಿಯ ಪಾಲು ಸುಮಾರು 63 ಲೀಟರ್, ನಮ್ಮದು ಅದಕ್ಕಿಂತ ಸ್ವಲ್ಪ ಕಡಿಮೆಯೇ. ನಮ್ಮ ಕಡೆಯ ರೈತ ನೀರು ಪೋಲು ಮಾಡುತ್ತಾನೆ ಅನ್ನುವವರಿಗೆ ಈ ಲೆಕ್ಕ ತೋರಿಸಿ. ನಿಮ್ಮ ತಪ್ಪಲ್ಲ ಅಂತ ನಾನು ಹೇಳುವುದಕ್ಕೆ ಇದು ಒಂದು ಕಾರಣ.

ಆದರೆ ಆ 57 ಲೀಟರ್ ಎಲ್ಲಿಂದ ಬಂತು? ನಮ್ಮಪ್ಪನ ಕಾಲದಲ್ಲಿ 45 ಅಡಿ ತೆರೆದ ಬಾವಿ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ 180 ಅಡಿ ಬೋರು. ಆಮೇಲೆ 520. ಈಗಿನದು 1,150 ಅಡಿ. ನಡುವೆ ನೀರೇ ಬಾರದ್ದು ನಾಲ್ಕು, ಒಂದೊಂದಕ್ಕೂ ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿದವರು ದಕ್ಷಿಣೆ ತೆಗೆದುಕೊಂಡು ಹೋದರು. ಅಷ್ಟು ಆಳದ ಬಂಡೆ ಬಿರುಕಿನ ನೀರು ಈ ವರ್ಷ ತೆಗೆದರೆ ಮುಂದಿನ ವರ್ಷ ತುಂಬಿಕೊಳ್ಳುವಂಥದ್ದಲ್ಲ. ತುಮಕೂರಿನವರಿಗೆ ಹೇಳಿದೆನಲ್ಲ, ಇದೇ ಸಾಲದ ನೂರು ರೂಪಾಯಿ.

ಇನ್ನು ಬೆಲೆ. ಆ ಬೆಳೆಯ ಮೊದಲ ಕೊಯ್ಲಿಗೆ ರೇಟ್ ಪರವಾಗಿಲ್ಲ. ನಾಲ್ಕನೇ ಕೊಯ್ಲಿಗೆ ಕೋಲಾರ ಮಂಡಿಯಲ್ಲಿ ಬಾಕ್ಸ್ 60 ರೂಪಾಯಿಗೆ ಬಂತು. ತಮ್ಮ ಚೀಟಿ ತಂದು ನನ್ನ ಮುಂದೆ ಇಟ್ಟ. ಅದರ ಹಿಂದೆಯೇ ನಾನು ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿದೆ. ಮಾರ್ಚ್ 2024ರಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತ್ತು. ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, ಲೀಟರ್‌ಗೆ ಹತ್ತು ಪೈಸೆ. ಆ ದರಕ್ಕೆ ಒಂದು ಬಾಕ್ಸಿನ ಹಿಂದಿರುವ 850 ಲೀಟರ್ ನೀರಿಗೇ 85 ರೂಪಾಯಿ ಆಗುತ್ತದೆ. ಸಸಿ, ಗೊಬ್ಬರ, ಔಷಧಿ, ನೀಲಗಿರಿ ಕೋಲು, ದಾರ, ಕೂಲಿ, ಬಾಡಿಗೆ, ಕಮಿಷನ್ ಎಲ್ಲ ಹೊರಗಿಟ್ಟು, ಬರೀ ನೀರಿನ ಬೆಲೆಯಲ್ಲೇ ಬಾಕ್ಸಿಗೆ 25 ರೂಪಾಯಿ ನಷ್ಟ. ಅಷ್ಟು ಹಣ್ಣನ್ನೂ ಪುಕ್ಕಟೆ ಕೊಟ್ಟು, ನೀರಿಗೂ ಕೈಯಿಂದ ದುಡ್ಡು ಹಾಕಿದ ಹಾಗೆ. ತಮ್ಮ ಚೀಟಿ ತಿರುಗಿಸಿ ನೋಡಿ, "ಅಕ್ಕಾ, ಇದನ್ನ ಯಾಕೆ ಹೇಳಿದೆ" ಅಂದ.

ಆಮೇಲಿನ ಕೊಯ್ಲು ಬಿಡಿಸಲೇ ಇಲ್ಲ, ಕೂಲಿ ಗಿಟ್ಟುತ್ತಿರಲಿಲ್ಲ. ಗಿಡದಲ್ಲೇ ಬಿಟ್ಟದ್ದು 200 ಬಾಕ್ಸ್ ಆಗಬಹುದು. ಅಂದರೆ 1 ಲಕ್ಷ 70 ಸಾವಿರ ಲೀಟರ್, 28 ಟ್ಯಾಂಕರ್. ಹೊರಗೆ ಹೋದ ನೀರಾದರೆ ಯಾರೋ ಸಾರು ಮಾಡಿಕೊಂಡು ಉಂಡರು ಅನ್ನಬಹುದು. ಇದು ಯಾರ ಹೊಟ್ಟೆಗೂ ಹೋಗಲಿಲ್ಲ. ರಸ್ತೆ ಬದಿ ಟೊಮೇಟೊ ಸುರಿದ ಫೋಟೊ ಪತ್ರಿಕೆಯಲ್ಲಿ ಬಂದಾಗ ಜನ ಹಣ್ಣು ನೋಡಿ ಅಯ್ಯೋ ಅನ್ನುತ್ತಾರೆ. ನನಗೆ ಮಾತ್ರ ಆ ಕೆಂಪು ರಾಶಿಯ ಜಾಗದಲ್ಲಿ ಟ್ಯಾಂಕರ್‌ಗಳ ಸಾಲು ಕಾಣುತ್ತದೆ.

ಹಾಗಾದರೆ ಯಾಕೆ ಬೆಳೆಯುತ್ತೀರಿ ಅಂತ ಪಟ್ಟಣದವರು ಕೇಳುತ್ತಾರೆ. ಜುಲೈ 2023ರಲ್ಲಿ ಇದೇ ಕೋಲಾರ ಮಂಡಿಯಲ್ಲಿ ಇದೇ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ಒಂದು ತಿಂಗಳ ಆಸೆಗೆ ಮೂರು ವರ್ಷ ಜೂಜು ಆಡುತ್ತೇವೆ. ಹತ್ತು ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಹಾಗಾಗಿ ನೀರಿಗೆ ಬೆಲೆ ಇದೆ ಅಂತ ಯಾವ ಬಿಲ್ಲೂ ಹೇಳುವುದಿಲ್ಲ. ಉಚಿತ ಕರೆಂಟು ತೆಗೆಯಿರಿ ಅನ್ನುತ್ತಿಲ್ಲ, ಕಲ್ಲು ಹೊಡೆಯಬೇಡಿ. ರಾಗಿಯನ್ನು ಸುಗ್ಗಿಯಲ್ಲೇ ತಡ ಮಾಡದೆ ಕೊಂಡು ತಡ ಮಾಡದೆ ದುಡ್ಡು ಹಾಕಿದ್ದರೆ ನನ್ನ ತಮ್ಮನಂಥವರು ಅರ್ಧ ಜನ ಈ ಜೂಜು ಬಿಡುತ್ತಿದ್ದರು, ಅಷ್ಟು ಹೇಳಬಲ್ಲೆ.

ಡ್ರಿಪ್ ಬಗ್ಗೆಯೂ ಒಂದು ಮಾತು. 31 ವರ್ಷ ಡ್ರಿಪ್ ಹಾಕಿಸಿ ಅಂತ ಊರೂರು ಸುತ್ತಿದವಳು ನಾನು. ತಮ್ಮನೂ ಹಾಕಿಸಿದ. ನೀರು ಉಳಿಯಿತು. ಉಳಿದ ನೀರಿಗೆ ಪಕ್ಕದ ಒಂದು ಎಕರೆ ಸೇರಿಸಿದ. ಬೋರ್‌ವೆಲ್‌ಗೆ ಏನು ಉಳಿಯಿತು ಅಂತ ಕೇಳಿದರೆ ನಗುತ್ತಾನೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಭಾರತ ನೀರಿನ ಕೊರತೆ ಇರುವ ದೇಶ ಅಂತಾರೆ, ಅಕ್ಕಿ ರಫ್ತಿನಲ್ಲಿ ಮೊದಲ ಸ್ಥಾನ ಅಂತಲೂ ಅಂತಾರೆ. ಎರಡೂ ಹೇಗೆ ಸಾಧ್ಯ?
– ವಿದ್ಯಾರ್ಥಿನಿ, ಮಂಡ್ಯ

ಎರಡೂ ನಿಜ ಮಗಳೇ. ತಲೆಗೆ ವರ್ಷಕ್ಕೆ 1,700 ಘನ ಮೀಟರ್ ನೀರಿಗಿಂತ ಕಡಿಮೆ ಇದ್ದರೆ ನೀರಿನ ಒತ್ತಡದ ದೇಶ ಅನ್ನುತ್ತಾರೆ. ಸರ್ಕಾರದ ಅಂದಾಜಿನಲ್ಲಿ ನಮ್ಮದು 2021ಕ್ಕೆ 1,486. ಅದೇ ದೇಶ 2022–23ರಲ್ಲಿ 2 ಕೋಟಿ ಟನ್ನಿಗೂ ಮೀರಿ ಅಕ್ಕಿ ಹಡಗಿಗೆ ಹತ್ತಿಸಿತು.

ನೀವು ಮಂಡ್ಯದವರು, ಟಿಎಂಸಿಯಲ್ಲೇ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹೇಳುತ್ತೇನೆ. 2 ಕೋಟಿ ಟನ್ ಅಂತಲೇ ಹಿಡಿಯಿರಿ, ಕಿಲೋಗೆ 2,500 ಲೀಟರ್ ಸರಾಸರಿ ಹಾಕಿ. ಸುಮಾರು 1,750 ಟಿಎಂಸಿ ಬರುತ್ತದೆ. ಕೆಆರ್‌ಎಸ್ ಕಟ್ಟೆ ತುಂಬಿದರೆ 49 ಟಿಎಂಸಿ ಚಿಲ್ಲರೆ. ಅಂದರೆ 35 ಕೆಆರ್‌ಎಸ್! 2018ರ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪಿನಂತೆ ನಾವು ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕಾದ್ದು 177.25 ಟಿಎಂಸಿ. ಅದಕ್ಕೆ ಹೆದ್ದಾರಿ ತಡೆಯುತ್ತೇವೆ, ಬಂದ್ ಮಾಡುತ್ತೇವೆ. ಅದರ ಹತ್ತು ಪಟ್ಟು ಸದ್ದಿಲ್ಲದೆ ಬಂದರಿನಿಂದ ಹೊರಡುತ್ತದೆ.

ಪರೀಕ್ಷೆಯಲ್ಲಿ ಇಷ್ಟೇ ಬರೆದು ಬರಬೇಡಿ. ಇದರಲ್ಲಿ ಮಳೆ ನೀರಿನ ಪಾಲು ದೊಡ್ಡದಿದೆ. ಮಳೆ ಸುರಿಯುವ ಪೂರ್ವದ ರಾಜ್ಯಗಳ ಭತ್ತಕ್ಕೆ ನನ್ನ ತಕರಾರಿಲ್ಲ. ತಕರಾರು ಪಂಜಾಬ್, ಹರಿಯಾಣದ ಬೋರ್‌ವೆಲ್ ಭತ್ತಕ್ಕೆ. ಪಂಜಾಬಿನಲ್ಲಿ ವರ್ಷಕ್ಕೆ ಬಳಸಬಹುದಾದ ಅಂತರ್ಜಲ 100 ಕೊಡ ಅಂದರೆ 150 ಕೊಡಕ್ಕೂ ಜಾಸ್ತಿ ಎತ್ತುತ್ತಾರೆ. ಅಲ್ಲೂ ಉಚಿತ ಕರೆಂಟು, ಜೊತೆಗೆ ಬೆಳೆದಷ್ಟೂ ಭತ್ತವನ್ನು ಬೆಂಬಲ ಬೆಲೆಗೆ ಕೊಳ್ಳುತ್ತಾರೆ. ಕಡು ಬೇಸಿಗೆಯಲ್ಲಿ ನಾಟಿ ಮಾಡುವುದನ್ನು ತಡೆಯಲು 2009ರಲ್ಲಿ ಕಾನೂನೇ ತಂದರು, ಜೂನ್‌ಗೆ ಮುಂಚೆ ಗದ್ದೆಗೆ ಇಳಿಯುವಂತಿಲ್ಲ. ಕೊಯ್ಲು ತಡವಾಗಿ, ಮುಂದಿನ ಗೋಧಿ ಬಿತ್ತನೆಗೆ ಸಮಯ ಸಾಲದೆ ಹುಲ್ಲಿಗೆ ಬೆಂಕಿ ಹಾಕುವುದು ಹೆಚ್ಚಾಯಿತು ಅಂತ ಈಗ ದೂರು ಇದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ.

ಇನ್ನೊಂದು: ಜುಲೈ 2023ರಲ್ಲಿ ಕೇಂದ್ರ ಬಿಳಿ ಅಕ್ಕಿ ರಫ್ತು ನಿಲ್ಲಿಸಿತಲ್ಲ, ನೀರು ಉಳಿಸಲು ಅಂತ ಬರೆದುಬಿಟ್ಟೀರಿ. ಅಲ್ಲ. ಅಕ್ಕಿ ಬೆಲೆ ಏರಿತ್ತು, ಅದಕ್ಕೆ. ಮರು ವರ್ಷ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆದರು.

ದಮ್ಮಾಮ್‌ನಲ್ಲಿ 14 ವರ್ಷದಿಂದ ಇದ್ದೇನೆ. ವಿಮಾನದಿಂದ ನೋಡಿದರೆ ಮರಳುಗಾಡಿನ ನಡುವೆ ದೊಡ್ಡ ದೊಡ್ಡ ಹಸಿರು ಚಕ್ರ ಕಾಣುತ್ತವೆ. ನದಿಯೇ ಇಲ್ಲದ ದೇಶ, ಇಲ್ಲಿ ಯಾವ ನೀರು?
– ಉಡುಪಿ ಮೂಲದ ಓದುಗರು

ಹಳೇ ನೀರು, ಸಾವಿರಾರು ವರ್ಷ ಹಿಂದೆ ಅಲ್ಲಿ ಮಳೆ ಇದ್ದ ಕಾಲದಲ್ಲಿ ಇಂಗಿದ್ದು. ನಡುವೆ ಬಾವಿ, ಅದರ ಸುತ್ತ ಗಡಿಯಾರದ ಮುಳ್ಳಿನ ಹಾಗೆ ತಿರುಗುವ ಉದ್ದನೆಯ ಪೈಪು. ಅದಕ್ಕೇ ಹೊಲ ದುಂಡಗೆ.

ತಿನ್ನುವ ಗೋಧಿ ನಾವೇ ಬೆಳೆಯಬೇಕು ಅಂತ ಸೌದಿ ಸರ್ಕಾರ ಎಣ್ಣೆ ದುಡ್ಡಿನಲ್ಲಿ ರೈತರಿಗೆ ಜಗತ್ತಿನ ಬೆಲೆಗಿಂತ ಹಲವು ಪಟ್ಟು ಕೊಟ್ಟಿತು. 1990ರ ದಶಕದ ಮೊದಲಿಗೆ ವರ್ಷಕ್ಕೆ 40 ಲಕ್ಷ ಟನ್ ಬೆಳೆದು, ಜಗತ್ತಿನ ದೊಡ್ಡ ಗೋಧಿ ರಫ್ತು ದೇಶಗಳಲ್ಲಿ ಒಂದಾಯಿತು. ಮರಳುಗಾಡಿನಿಂದ ಗೋಧಿ ರಫ್ತು! ಬಾವಿಗಳು ಕೆಳಗಿಳಿದವು. 2008ರಲ್ಲಿ, ಸ್ಥಳೀಯ ಗೋಧಿ ಕೊಳ್ಳುವುದನ್ನು ವರ್ಷವರ್ಷ ಕಡಿಮೆ ಮಾಡುತ್ತೇವೆ ಅಂದರು. 2016ಕ್ಕೆ ಪೂರ್ತಿ ಆಮದಿಗೆ ಬಂದರು. ದನದ ಮೇವಿಗೂ ಅದೇ ಕಥೆ. ಅಲ್ಲಿನ ದೊಡ್ಡ ಹಾಲಿನ ಕಂಪನಿಯೊಂದು 2014ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಸುಮಾರು 10,000 ಎಕರೆ ಕೊಂಡು, ಅಲ್ಲಿ ಕುದುರೆ ಮಸಾಲೆ (ಲೂಸರ್ನ್) ಎಂಬ ಮೇವಿನ ಸೊಪ್ಪು ಬೆಳೆದು, ಒಣಗಿಸಿ, ಹಡಗಿನಲ್ಲಿ ತರಿಸಿಕೊಂಡಿತು. ಅರಿಜೋನಾ ತಾನೇ ಒಣ ಭೂಮಿ. ಜನ ಕೂಗೆಬ್ಬಿಸಿದರು. 2023ರಲ್ಲಿ ಅಲ್ಲಿನ ಗವರ್ನರ್, ಆ ಕಂಪನಿಗೆ ಬೇರೆಯಾಗಿ ಕೊಟ್ಟಿದ್ದ ಸರ್ಕಾರಿ ಜಮೀನಿನ ಗುತ್ತಿಗೆ ರದ್ದು ಮಾಡಿದರು.

ಸೌದಿಯವರು ತಪ್ಪು ತಿದ್ದಿಕೊಂಡರು ಅಂತ ಹೊಗಳೋಣ ಅಂದರೆ ನಾಲಗೆ ತಡೆಯುತ್ತದೆ. ನೀವು ಅಲ್ಲಿ ತಿನ್ನುವ ಕಬ್ಸಾದ (ಮಾಂಸ ಹಾಕಿದ ಅಲ್ಲಿನ ಅನ್ನ) ಬಾಸ್ಮತಿ ಎಲ್ಲಿಯದು? ಮಂಡ್ಯದ ಹುಡುಗಿಗೆ ಬರೆದದ್ದನ್ನು ಇನ್ನೊಮ್ಮೆ ಓದಿ. ನಮ್ಮ ಬಾಸ್ಮತಿಯ ದೊಡ್ಡ ಗಿರಾಕಿಗಳಲ್ಲಿ ನೀವಿರುವ ದೇಶವೂ ಒಂದು.

ನಮ್ಮ ಕಡೆ ಮಿಡಿ ಸೌತೆ ಕಂಪನಿಯವರು ಬೀಜ, ಗೊಬ್ಬರ ಕೊಟ್ಟು ಬೆಳೆಸುತ್ತಾರೆ. ಅದೂ ನೀರು ರಫ್ತೇ ಅಲ್ವಾ?
– ಕುಣಿಗಲ್ ತಾಲ್ಲೂಕಿನ ಓದುಗರು

ಅದು ಕಾಣದ ನೀರೂ ಹೌದು, ಕಾಣುವ ನೀರೂ ಹೌದು. ಸೌತೆಯಲ್ಲಿ ನೂರಕ್ಕೆ 95 ಭಾಗ ನೀರೇ. ಅದನ್ನು ಉಪ್ಪು ನೀರಿನ ಡ್ರಮ್ಮಿಗೆ ತುಂಬಿ ಕಳಿಸುತ್ತಾರೆ. 2020–21ರಲ್ಲಿ ಹೀಗೆ ಸೌತೆ, ಮಿಡಿ ಸೌತೆ ಸೇರಿ 2 ಲಕ್ಷ ಟನ್ನಿಗೂ ಜಾಸ್ತಿ ಹೊರಗೆ ಹೋಯಿತು. ಮಿಡಿ ಸೌತೆಯನ್ನು ನಮ್ಮ ಮನೆಗಳಲ್ಲಿ ಯಾರೂ ತಿನ್ನುವುದಿಲ್ಲ.

ಆದರೂ ಬೆಳೆಯಬೇಡಿ ಅನ್ನಲಾರೆ. ಮೂರು ತಿಂಗಳ ಬೆಳೆ, ಬೆಲೆ ಮೊದಲೇ ಗೊತ್ತು, ಮನೆ ಹೆಂಗಸರ ಕೈಗೆ ವಾರವಾರ ದುಡ್ಡು. ಕಾಯಿ ಸಣ್ಣದಿದ್ದಷ್ಟೂ ರೇಟ್ ಜಾಸ್ತಿ, ಟೊಮೇಟೊ ಥರ ರಸ್ತೆಗೆ ಸುರಿಯುವ ಪಾಡಿಲ್ಲ. ಅದೇ ನೀರಿಗೆ ಯಾವುದರಲ್ಲಿ ಜಾಸ್ತಿ ಕಾಸು ಅಂತ ನೀವೇ ಕ್ಯಾನ್ ಹಿಡಿದು ಅಳೆದು ನನಗೆ ಬರೆಯಿರಿ. ಬೋರು ಎಷ್ಟು ಅಡಿ ಅಂತಲೂ ತಿಳಿಸಿ.

ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಿಮ್ಮ ಕೋಲಾರದ ಕೆರೆಗೆ ಬಿಡುತ್ತಿದ್ದಾರಲ್ಲ. ಇನ್ನೇನು ಚಿಂತೆ?
– ಓದುಗರು, ಬೆಂಗಳೂರು

2018ರಿಂದ ಕೆಸಿ ವ್ಯಾಲಿ (ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆ) ನೀರು ಬರುತ್ತಿದೆ, ಸುಳ್ಳು ಹೇಳುವುದಿಲ್ಲ. ಕೆರೆ ಪಕ್ಕದ ಬೋರುಗಳಲ್ಲಿ ನೀರು ಮೇಲೆ ಬಂದಿದೆ. ಎರಡು ಹಂತ ಮಾತ್ರ ಶುದ್ಧ ಮಾಡಿ ಬಿಡುವುದು ಸಾಲದು, ಮೂರನೆಯದೂ ಆಗಬೇಕು ಅಂತ ಜಿಲ್ಲೆಯವರು ಕೇಳುತ್ತಲೇ ಇದ್ದಾರೆ. ಒಟ್ಟಿನಲ್ಲಿ ನಮ್ಮ ಟೊಮೇಟೊ ನಿಮ್ಮ ಮನೆಗೆ, ನೀವು ಸಾರಿನ ಪಾತ್ರೆ ತೊಳೆದ ನೀರು ನಮ್ಮ ಕೆರೆಗೆ. ತಮ್ಮನ ಹೊಲ ಕೆರೆಯಿಂದ ದೂರ, ಅಲ್ಲಿಗೆ ಇನ್ನೂ ಮುಟ್ಟಿಲ್ಲ.

ನಿಮ್ಮ ತಮ್ಮ ಈ ವರ್ಷ ಏನು ಹಾಕಿದ್ದಾರೆ?
– ಹೆಸರು ಬರೆದಿಲ್ಲ, ಅಂಚೆ ಮುದ್ರೆ ಶ್ರೀನಿವಾಸಪುರದ್ದು

ಒಂದು ಎಕರೆ ರಾಗಿ, ಅರ್ಧ ಎಕರೆ ಹಿಪ್ಪುನೇರಳೆ. ಮುಕ್ಕಾಲು ಎಕರೆ ಟೊಮೇಟೊ. "ಈ ಸಲ ರೇಟ್ ಬರುತ್ತೆ ಅಕ್ಕಾ" ಅಂದಿದ್ದಾನೆ. ಕ್ಯಾನ್ ಮಾತ್ರ ಮೋಟಾರು ಶೆಡ್ಡಿನಲ್ಲಿ ಕಾಣಲಿಲ್ಲ, ನಾನು ಬರುತ್ತೇನೆ ಅಂತ ಗೊತ್ತಾಗಿ ಎಲ್ಲೋ ಎತ್ತಿಟ್ಟಿದ್ದಾನೆ.